ಸಮಾಧಾನದ ಸನ್ಮಾನ

ಅಧ್ಯಕ್ಷತೆ ವಹಿಸಿರುವ ಪರಮಾನಂದ ಮಾಸ್ತರರೇ, ನಮ್ಮ ಹಾಲು ಉತ್ಪಾದಕರ ಸಂಘದ ನಿರ್ದೇಶಕರಾದ ಗುರುಲಿಂಗಪ್ಪಣ್ಣನವರೇ, ಮನಗೂಳಿಯಿಂದ ಬಂದ ಅತಿಥಿಗಳೇ, ಮುಂದೆ ಕುರ್ಚಿಯಲ್ಲಿ ಕುಳಿತ ಹಿರಿಯರೇ, ಹಿಂದೆ ನಿಂತೇ ಇರುವ ನನ್ನ ಅಕ್ಕತಂಗಿಯರೇ, ಸಭಿಕರೇ,

ಈ ಶಾಲು, ಈ ಹಾರ ನನಗೆ ಯಾಕೆ? ಈ ಸಲದ ಚುನಾವಣೆಯಿಂದ ನಾನು ಹಿಂದೆ ಸರಿದು, ಗುರುಲಿಂಗಪ್ಪಣ್ಣನವರು ಅವಿರೋಧವಾಗಿ ಆರಿಸಿ ಬರಲು ದಾರಿ ಮಾಡಿಕೊಟ್ಟೆನೆಂದು. ‘ಸುಮಂಗಲಾ ಸಮಾಧಾನ ಮಾಡ್ಕೊಂಡ್ಳು, ದೊಡ್ಡ ಮನಸ್ಸು’ ಎಂದು ಮಾಸ್ತರರು ಈಗಷ್ಟೇ ಹೇಳಿದರು. ಆದ್ದರಿಂದ ಆ ಸಮಾಧಾನವೆಂಬ ಶಬ್ದದ ಬಗ್ಗೆಯೇ ಎರಡು ಮಾತಾಡುತ್ತೇನೆ. ಎರಡೆಂದರೆ ಎರಡೇ ಎಂದು ತಿಳಿಯಬೇಡಿ. ಮೈಕು ಕೈಗೆ ಸಿಕ್ಕವರು ಯಾರು ಬೇಗ ಬಿಟ್ಟಿದ್ದಾರೆ?

ನಾವು ಈ ಶಬ್ದವನ್ನು ಎಲ್ಲೆಲ್ಲಿ ಬಳಸುತ್ತೇವೆ? ಮಗು ಬಿದ್ದು ಅತ್ತರೆ ಸಮಾಧಾನ. ಸಿಂದಗಿ ಬಸ್ಸು ಬರದಿದ್ದರೆ ಸಮಾಧಾನ. ಮದುವೆಯಲ್ಲಿ ಬೀಗರು ಮುನಿಸಿಕೊಂಡರೆ ಸಮಾಧಾನ. ಡೇರಿಯಲ್ಲಿ ಹಾಲಿನ ಫ್ಯಾಟ್ ಅಳೆದು ತೋರಿಸುವ ಯಂತ್ರದ ಪರದೆ, ಒಳಗೆ ಕುಳಿತವರ ಕಡೆಗಷ್ಟೇ ಮುಖ ಮಾಡಿದೆ. ಅದನ್ನು ನಮ್ಮ ಕಡೆಗೂ ತಿರುಗಿಸಿ, ನಮ್ಮ ಹಾಲಿನ ಗುಣ ನಾವೂ ನೋಡುತ್ತೇವೆ ಎಂದು ಕೇಳಿದರೆ, ‘ಸಮಾಧಾನ ಇರ್ಲಿ ಯವ್ವಾ, ನೋಡೂಣಂತ.’ ಕಾರ್ಯದರ್ಶಿ ಮಾನಪ್ಪನವರು ವರ್ಷಗಟ್ಟಲೆ ನೋಡುತ್ತಲೇ ಇದ್ದಾರೆ. ನಾನು ಚುನಾವಣೆಗೆ ಅರ್ಜಿ ಹಾಕಿದ್ದು ಆ ಪರದೆಗಾಗಿ, ಬೇರೆ ಯಾವ ಆಸೆಗೂ ಅಲ್ಲ.

ನನ್ನ ಯಜಮಾನರು ತೀರಿಕೊಂಡಾಗ ಊರೆಲ್ಲ ಮಾತಾಡಿಸಲು ಬಂತು. ಬಂದವರೆಲ್ಲ ‘ಸಮಾಧಾನ ಮಾಡ್ಕೋ’ ಎಂದರು. ಪ್ರೀತಿಯಿಂದಲೇ ಅಂದರು, ತಪ್ಪಲ್ಲ. ಆದರೆ ಹಾಗೆ ಅಂದವರ ಎದುರು ಅಳುವುದು ಹೇಗೆ? ಅತ್ತರೆ ಅವರ ಮಾತು ಮೀರಿದಂತೆ. ಅಳುವುದು ಬಿಟ್ಟು ಬಂದವರಿಗೆಲ್ಲ ಚಾಪೆ ಹಾಸಿದೆ. ಒಬ್ಬರು ಮಾತ್ರ ಏನೂ ಹೇಳದೆ ನೇರ ದನದ ಮನೆಗೆ ಹೋಗಿ, ನನ್ನ ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ ಬಂದು ನನ್ನ ಮಗ್ಗುಲಲ್ಲಿ ಕುಳಿತರು. ಆ ಎಮ್ಮೆ ಹೊಸಬರಿಗೆ ಒದೆಯುತ್ತದೆ. ಅವರ ಕಾಲು ಬಾತುಹೋಗಿತ್ತು, ಆದರೂ ಹೇಳಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು, ಮನಸಾರೆ ಅತ್ತೆ. ಸಮಾಧಾನವೆಂದರೆ ಏನೆಂದು ಅಂದು ತಿಳಿಯಿತು. ಅವರು ಗುರವ್ವ ವೈನಿ, ಗುರುಲಿಂಗಪ್ಪಣ್ಣನವರ ಮನೆಯವರು.

ಮೊನ್ನೆ ಹಿರಿಯರು ನಮ್ಮ ಮನೆಗೆ ಬಂದು ಅದನ್ನೇ ಎತ್ತಿದರು. ‘ಆ ಮನಿ ಋಣಾ ಮರತಿ ಏನವ್ವಾ? ಅರ್ಜಿ ವಾಪಸ್ ತಗಿ.’ ಚಹಾ ಮಾಡಲು ಒಳಗೆ ಹೋದೆ. ನಮ್ಮೂರಲ್ಲಿ ಹೆಂಗಸು ಸುಮ್ಮನೆ ಚಹಾ ಕೊಟ್ಟರೆ ಒಪ್ಪಿದಳೆಂದೇ ಅರ್ಥ. ನೀವು ಚಹಾ ಕುಡಿದಿರಿ, ಶಾಲು ತಂದಿರಿ.

ನಿಜ ಹೇಳುತ್ತೇನೆ, ಇಂದು ಬೆಳಗಿನವರೆಗೂ ವಾಪಸ್ ತೆಗೆಯುವ ಮನಸ್ಸೇ ಇತ್ತು. ಬೆಳಿಗ್ಗೆ ಡೇರಿಯ ಸಾಲಿನಲ್ಲಿ ವೈನಿ ನನ್ನ ಹಿಂದೆ ನಿಂತಿದ್ದರು.

‘ಅರ್ಜಿ ತಗದಿ ಏನವ್ವಾ?’ ಎಂದರು.

‘ತಗೀತೇನ್ರಿ ವೈನಿ, ನಿಮ್ಮ ಸಲುವಾಗಿ’ ಎಂದೆ.

ಅವರು ಕ್ಯಾನು ಕೆಳಗಿಟ್ಟು ಹೇಳಿದರು: ‘ನನ್ನ ಸಲುವಾಗಿ ತಗೀಬ್ಯಾಡ. ಆ ಪರದಿ ನನಗೂ ಕಾಣಂಗಿಲ್ಲ.’

ವೈನಿ, ಇದನ್ನು ಇಲ್ಲಿ ಹೇಳಬಾರದಿತ್ತೇನೋ, ಬಾಯಿಗೆ ಬಂದುಬಿಟ್ಟಿತು. ಗುರುಲಿಂಗಪ್ಪಣ್ಣ, ಅವರನ್ನು ಬೈಯಬೇಡಿ. ಬೈಯುವುದಿದ್ದರೆ ನನ್ನ ವಿರುದ್ಧ ಭಾಷಣ ಮಾಡಿ, ನಿಮಗೆ ಮೈಕು ನಾನೇ ಹಿಡಿಯುತ್ತೇನೆ.

ಅರ್ಜಿ ವಾಪಸ್ ಪಡೆಯಲು ನಾಳೆ ಮಧ್ಯಾಹ್ನ ಮೂರರವರೆಗೆ ಸಮಯವಿದೆ. ಆ ಹೊತ್ತಿಗೆ ನಾನು ಹೊಲದಲ್ಲಿ ಮೇವು ಕೊಯ್ಯುತ್ತಿರುತ್ತೇನೆ. ಫೋನು ಮನೆಯಲ್ಲಿರುತ್ತದೆ. ಯಾರಾದರೂ ಸಮಾಧಾನ ಮಾಡಲು ಅಲ್ಲಿಗೇ ಬಂದರೆ, ಕೈಗೆ ಕುಡುಗೋಲು ಕೊಟ್ಟು ಕೆಲಸಕ್ಕೆ ಹಚ್ಚುತ್ತೇನೆ.

ನನಗೆ ಶಾಲು ಹೊದಿಸಿದವರಿಗೂ, ಬರುವ ಭಾನುವಾರ ಸಾಲಿನಲ್ಲಿ ನಿಂತು ನನಗೆ ಮತ ಹಾಕುವವರಿಗೂ ಇವತ್ತೇ ಧನ್ಯವಾದ ಹೇಳಿಬಿಡುತ್ತೇನೆ. ನಮಸ್ಕಾರ.