ಮಗಳು ಒಳಗಿದ್ದಾಗ

ಕೌಟುಂಬಿಕ ನ್ಯಾಯಾಲಯದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ ತಂಗಿ ಕೂತಿದ್ದರು. ತಂಗಿಯ ಮಗಳು ತಾಯಿಯ ಬಳಿ ಇರಬೇಕೋ ತಂದೆಯ ಬಳಿಯೋ ಎಂದು ತಿಳಿಯಲು ಸಮಾಲೋಚಕಿ ಅವಳೊಬ್ಬಳನ್ನೇ ಒಳಗೆ ಕರೆದಿದ್ದರು.

"ನೀನು ಮದುವೆ ಆಗ್ತೀನಿ ಅನ್ನೋ ಆ ಫೋಟೋಗ್ರಾಫರ್ ವಿಷಯ ಬಾಯಿ ಬಿಡಬೇಡ ಅಂತ ಮಗೂಗೆ ಹೇಳಿದೀಯಾ?" ಅಕ್ಕ ಕೇಳಿದಳು.

"ಇಲ್ಲ. ಅದರ ಬಾಯಲ್ಲಿ ಸುಳ್ಳು ಹೇಳಿಸಲಾ?"

"ಕೇಸು ಮುಗಿಯೋವರೆಗೆ ಅವನು ಮನೆಗೆ ಬರದಿದ್ರೆ ಆಕಾಶ ಕಳಚಿ ಬೀಳ್ತಿತ್ತಾ?"

"ಬರಬೇಡಿ ಅಂದೆ. ಸೈಕಲ್ ಕಲಿಸೋರು ಯಾರು ಅಂತ ಮಗಳೇ ಊಟ ಬಿಟ್ಟು ಕೂತಳು."

"ಚೆನ್ನಾಗಿದೆ! ಇನ್ನು ಆ ಸೈಕಲ್ ಮೇಲೇ ಅವರಪ್ಪನ ಮನೆಗೆ ಹೋಗ್ತಾಳೆ ಬಿಡು."

ಬಾಗಿಲು ತೆರೆಯಿತು. ಹುಡುಗಿ ಓಡಿಬಂದು ತಾಯಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

"ನಮ್ಮನೆಗೆ ಯಾರೂ ಬರಲ್ಲ ಅಂದೆ. ಅಪ್ಪನ ಮನೆಗೆ ಆಂಟಿ ಬರ್ತಾರಲ್ಲ, ಅಲ್ಲಿಗೂ ಯಾರೂ ಬರಲ್ಲ ಅಂದೆ."

ಅಕ್ಕ ಧಡಕ್ಕನೆ ಎದ್ದಳು. "ಯಾವ ಆಂಟಿ? ಬಾರೇ, ಈಗಲೇ ಒಳಗೆ ಹೋಗಿ ಹೇಳಿಸೋಣ."

"ಅದನ್ನ ಹೇಳಿಸಿದ್ರೆ ನಮ್ಮನೆ ವಿಷಯಾನೂ ಹೊರಗೆ ಬರುತ್ತಲ್ಲಕ್ಕ."

"ಸರಿಯಾಗಿ ಹೇಳಿದ್ನಾ ಅಮ್ಮ?"

ತಾಯಿ ಮಗಳ ಕೈ ಹಿಡಿದು ಮೆಟ್ಟಿಲಿನ ಕಡೆ ನಡೆದಳು. ಹುಡುಗಿ ಇಳಿಯುವಾಗಲೂ ಅವಳ ಮುಖವನ್ನೇ ನೋಡುತ್ತಿದ್ದಳು.