ಅಣ್ಣ ಕೊಟ್ಟ ಮಿಲಿಟರಿ ವಾಚ್

ಅಪ್ಪ ಅಲಾರಂ ಗಡಿಯಾರ ತೊಳೆಯುತ್ತಿದ್ದ ಸೀಮೆಎಣ್ಣೆಯ ವಾಸನೆ, ಎಷ್ಟೋ ವರ್ಷಗಳ ಮೇಲೆ, ಮುಂಬಯಿ ಜೋಗೇಶ್ವರಿಯ ವಾಚ್ ರಿಪೇರಿ ಅಂಗಡಿಯ ಬೆಂಚಿನಲ್ಲಿ ಕೂತಿದ್ದ ರಾಜೀವಮ್ಮನಿಗೆ ಮತ್ತೆ ಸಿಕ್ಕಿತು. ಮುಂದೆ ಟಿಫಿನ್ ಡಬ್ಬಿ ಹಿಡಿದ ಮುದುಕರೊಬ್ಬರು ರಿಪೇರಿಯವನೊಡನೆ ಮಾತಾಡುತ್ತಿದ್ದರು.

“ಯುದ್ಧದ ಕಾಲದಲ್ಲಿ ಅಮೆರಿಕದ ಸಿಪಾಯಿ ನಮ್ಮ ಅಪ್ಪನಿಗೆ ಕೊಟ್ಟದ್ದು, ಧನರಾಜ್. ಇಷ್ಟು ವರ್ಷ ಅಣ್ಣ ಓಡಿಸಿದ. ನನ್ನ ಕೈಗೆ ಬಂದು ಒಂದೇ ದಿನ, ಟೈಮ್ ಸರಿ ಮಾಡ್ಲಿಕ್ಕೆ ಹೋದೆ, ನಿಂತೇ ಹೋಯ್ತು! ಅಣ್ಣನಿಗೆ ಏನು ಹೇಳುದು ಮಾರಾಯ?”

“ಕೀ ಕೊಡುವ ಗುಂಡಿ ಎಳೆದೇ ಇಟ್ಟಿದ್ದೀರಲ್ಲ, ಮೋನಪ್ಪಣ್ಣ!”

“ಅದಕ್ಕೆ?”

“ಮಿಲಿಟರಿ ವಾಚ್ ಇದು. ಎಳೆದ್ರೆ ಸೆಕೆಂಡ್ ಮುಳ್ಳು ನಿಲ್ತದೆ. ಸಿಪಾಯಿಗಳೆಲ್ಲ ಒಂದೇ ಟೈಮ್ ಇಟ್ಟು ಒಟ್ಟಿಗೆ ಒತ್ತುದು. ಒತ್ತಿ ನೋಡಿ.”

ಒತ್ತಿದರು. ಮುಳ್ಳು ಹೊರಟಿತು.

“ಅಬ್ಬ! ನಿಂದು ಊಟ ಆಯ್ತಾ?”

“ಮನೆಯವಳು ಊರಿಗೆ ಹೋಗಿದ್ದಾಳೆ. ಚಾ ಆಯ್ತು.”

ಮೋನಪ್ಪ ವಾಚ್ ಕಟ್ಟಿಕೊಂಡರು. ತಮ್ಮ ಊಟದ ಡಬ್ಬಿಯನ್ನು ಅವನ ಕೈಗಿತ್ತು ಸ್ಟೇಷನ್ ಕಡೆ ನಡೆದರು.