ನರ್ಸಮ್ಮನಿಗೊಂದು ಬೀಗದ ಕೈ

ಅಧ್ಯಕ್ಷ ಪೀಠದಲ್ಲಿರುವ ರಾಮಾಂಜಿನಪ್ಪನವರೇ, ನಾಲ್ಕು ವರ್ಷ ನಮ್ಮ ಹೆರಿಗೆಗಳನ್ನು ನೋಡಿ ಇಂದು ದಿಬ್ಬೂರಹಳ್ಳಿಯನ್ನು ಬಿಟ್ಟು ಹೊರಟಿರುವ ನರ್ಸಮ್ಮ ವೆಂಕಟರತ್ನಮ್ಮನವರೇ, ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಓಡೋಡಿ ಬಂದಿರುವ ಸಭಿಕರೇ,

ಹೊಗಳಲು ನನ್ನನ್ನು ಕರೆದಿದ್ದೀರಿ. ಆದರೆ ಇವರು ಹೋಗುತ್ತಿರುವುದು ಏಕೆ? ನಿನ್ನೆ ಅವರೇ ಹೇಳಿದರು: "ಇರೋಕೆ ಮನೆ ಸಿಕ್ಕಿದ್ರೆ ನಾನ್ಯಾಕೆ ವರ್ಗ ಕೇಳ್ತಿದ್ದೆ ಸ್ವಾಮಿ? ಇವತ್ತು ಕೊಟ್ರೂ ಅರ್ಜಿ ವಾಪಸ್ ತಗೋತೀನಿ." ಹಾರಕ್ಕೆ ದುಡ್ಡು ಕೊಟ್ಟೆವು, ಶಾಲಿಗೆ ಕೊಟ್ಟೆವು. ಮನೆ ಮಾತ್ರ ಯಾರಿಗೂ ಹೊಳೆಯಲಿಲ್ಲ.

ನಮ್ಮಲ್ಲಿ ದಾನಕ್ಕೆ ಬರವೇ? ನಮ್ಮ ಅಧ್ಯಕ್ಷರು ದೂರದ ಯಾತ್ರಾಸ್ಥಳದ ಛತ್ರಕ್ಕೆ ಫ್ಯಾನು ಕೊಟ್ಟಿದ್ದಾರೆ. ರೆಕ್ಕೆಯ ಮೇಲೆ ಅವರ ಹೆಸರಿದೆ. ಕರೆಂಟು ಹೋದಾಗ ನಾನೇ ಓದಿದ್ದೇನೆ.

ಐವತ್ತೆಂಟನೇ ಇಸವಿಯಲ್ಲಿ ನಾವು ಊರ ನಿಧಿ ಕಟ್ಟಿದ್ದು ಊರಿನ ಇಂಥ ಕೊರತೆ ನೀಗಲೆಂದೇ. ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಡುವ ಮುನ್ನ ಪ್ರತಿ ಮನೆಯಿಂದ ಒಂದು ಬೊಗಸೆ ನಿಧಿಗೆ. ಮೊದಲ ಬೆಳೆಯಲ್ಲಿ ಅರ್ಧ ಊರು ಕರೆ ಹಿಡಿದ ಗೂಡನ್ನೇ ಆರಿಸಿ ಕೊಟ್ಟಿತು. ನಿಧಿಗೆ ಗೂಡು ಕೂಡಿಸುತ್ತಿದ್ದ ಕೊಂಡಮ್ಮ ಮನೆಮನೆಗೂ ಹೋಗಿ ಅದನ್ನು ತಿರುಗಿ ಸುರಿದು ಕೇಳಿದಳು: "ದೇವರಿಗೆ ಕೊಳೆತ ಬಾಳೆಹಣ್ಣು ಇಡ್ತೀಯೇನಪ್ಪ? ಊರಿಗ್ಯಾಕೆ ಕರೆಗೂಡು?" ಮುಂದಿನ ಬೆಳೆಗೆ ಬಂದದ್ದು ಮಲ್ಲಿಗೆಯಂಥ ಗೂಡು.

ನಿಧಿ ಎಂದರೆ ಬರೀ ಹಣದ ಗಂಟಲ್ಲ, ಮದುವೆಯ ದಲ್ಲಾಳಿ. ಕೊಡುವವರೂ ಬೇಕಾದವರೂ ಒಂದೇ ಬೀದಿಯಲ್ಲಿದ್ದರೂ ನಡುವೆ ಯಾರಾದರೂ ಓಡಾಡಬೇಕು. ನಲ್ಲಪ್ಪನ ಹಿತ್ತಲಲ್ಲಿ ತೊಲೆಗಳು ಗೆದ್ದಲು ಹಿಡಿಯುತ್ತಿದ್ದವು, ಎದುರಿನ ಶಾಲೆಯ ಸೂರು ಸೋರುತ್ತಿತ್ತು. ನಾವು ಹೋಗಿ ಕೇಳಿದೆವು. "ಇಷ್ಟು ದಿನ ಯಾರೂ ಕೇಳ್ಲಿಲ್ವಲ್ಲಪ್ಪ" ಎಂದ. ಹೆಂಚು ನಿಧಿಯದು, ತೊಲೆ ಅವನದು.

ನನ್ನ ಮಗಳು ಐವತ್ನಾಲ್ಕರಲ್ಲಿ ಶಿಡ್ಲಘಟ್ಟದ ಆಸ್ಪತ್ರೆಯ ದಾರಿಯಲ್ಲಿ ಗಾಡಿಯಲ್ಲೇ ಹುಟ್ಟಿದಳು. ನೋವಿನಲ್ಲೂ ನನ್ನವಳು, "ಎತ್ತಿಗೆ ಹೊಡೀಬೇಡ್ರಿ, ಅದಕ್ಕೂ ಸುಸ್ತಾಗಿದೆ" ಎಂದಳು. ಆ ದಾರಿಯ ಒಂದೊಂದು ಕಲ್ಲನ್ನೂ ನಾನು ಬಲ್ಲೆ. ನರ್ಸಮ್ಮ ಹೋಗಿ ಈಗ ಮತ್ತೆ ಆ ದಾರಿ ಎಂದರೆ... ಇರಲಿ, ಮನೆಯವಳು ಅಲ್ಲೇ ಕೂತು ನನ್ನತ್ತ ಕಣ್ಣು ಬಿಡುತ್ತಿದ್ದಾಳೆ.

ಬಸ್ ಸ್ಟ್ಯಾಂಡಿನ ಪಕ್ಕ ಅಧ್ಯಕ್ಷರ ಎರಡು ಕೋಣೆಯ ಮನೆಯಿದೆ. ಹುಳು ಗೂಡು ಕಟ್ಟುವ ಚಂದ್ರಿಕೆಗಳು, ಅದೂ ಮುರಿದವು, ಅಲ್ಲಿ ಬಾಡಿಗೆಯಿಲ್ಲದೆ ವಾಸವಾಗಿವೆ. ಸುಣ್ಣ ಬಳಿಸುವುದು ನಿಧಿಯ ಪಾಲಿಗಿರಲಿ. ದಲ್ಲಾಳಿಯಾಗಿ ನಾನು ತುಂಬಿದ ಸಭೆಯಲ್ಲಿ ಆ ಮನೆಗೂ ನರ್ಸಮ್ಮನಿಗೂ ಸಂಬಂಧ ಕೇಳುತ್ತಿದ್ದೇನೆ.

ಅಧ್ಯಕ್ಷರು ಜೇಬು ತಡಕುತ್ತಿದ್ದಾರೆ. ಸ್ವಾಮಿ, ಅಲ್ಲಿ ಹುಡುಕಬೇಡಿ. ಬೀಗದ ಕೈ ನಿಮ್ಮ ಮನೆಯವರ ಸೊಂಟದಲ್ಲಿತ್ತು. ಅಕ್ಕಯ್ಯಮ್ಮನವರು ಆಗಲೇ ಎದ್ದು ಬಂದು ಅದನ್ನು ನರ್ಸಮ್ಮನ ಕೈಗೆ ಇಟ್ಟುಬಿಟ್ಟರು.

ತಂದ ಹಾರ ಹಾಕಿಬಿಡಿ, ಅದು ಸ್ವಾಗತಕ್ಕೂ ಆಗುತ್ತದೆ. ಅಕ್ಕಯ್ಯಮ್ಮನವರಿಗೂ, ಕೊಟ್ಟೆನೆಂದು ಬಾಯಿಬಿಟ್ಟು ಹೇಳಲು ಇನ್ನೂ ಸಮಯ ಸಿಗದ ಅಧ್ಯಕ್ಷರಿಗೂ ಊರಿನ ವಂದನೆಗಳು. ಚಂದ್ರಿಕೆ ಹೊರಲು ನಾಲ್ಕು ಜನ ನನ್ನ ಜೊತೆ ಬನ್ನಿ.

ನಮಸ್ಕಾರ.